ತುಕ್ರಪ್ಪ ಬಡಿದು ನೋಡಿದ ಮರ

ಪುಂಜಾಲಕಟ್ಟೆಯ ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೊದಲು ಅಳು ಕೇಳುತ್ತದೆ, ಅದರ ಹಿಂದೆಯೇ ಕೊಡಲಿಯ ಸದ್ದು. ಕೊಡಲಿ ತುಕ್ರಪ್ಪನದು. ಅವನಿಗೆ ಯಾರೂ ಹೇಳಿಕಳುಹಿಸಬೇಕಾಗಿಲ್ಲ. ಮದುವೆ ಮನೆಗೆ ಕರೆದರೆ ಹೋಗಬೇಕು, ಸಾವಿನ ಮನೆಗೆ ಕರೆಯುವ ಮೊದಲೇ ಹೋಗಬೇಕು ಎಂದು ನಂಬಿದವನು ಅವನು. ಹೋದವನು ಅಂಗಳದಲ್ಲಿ ನಿಂತು ಮಾತಾಡುವುದಿಲ್ಲ. ಮನೆಯವರು ತೋರಿಸಿದ ಮಾವಿನ ಮರ ಕಡಿದು, ಚಿತೆ ಒಟ್ಟಿ, ಬೆಂಕಿ ಸರಿಯಾಗಿ ಹಿಡಿದ ಮೇಲೆ ತೋಡಿನಲ್ಲಿ ಮುಳುಗೆದ್ದು ತನ್ನ ಮನೆ ದಾರಿ ಹಿಡಿಯುತ್ತಾನೆ. ಕೂಲಿ ಕೇಳುವುದಿಲ್ಲ, ಕೊಡಲು ಹೋದರೆ ಬೈಯುತ್ತಾನೆ.

ಮಳೆಗಾಲದಲ್ಲಿ ಹಸಿ ಮರ ಉರಿಯುವುದಿಲ್ಲವಲ್ಲ. ಅದಕ್ಕೆಂದೇ ಬೇಸಗೆಯಲ್ಲಿ ಒಂದು ಚಿತೆಗೆ ಸಾಕಾಗುವಷ್ಟು ಸೌದೆ ಒಣಗಿಸಿ ತನ್ನ ದನದ ಹಟ್ಟಿಯ ಬದಿಯಲ್ಲಿ ಒಟ್ಟಿಡುತ್ತಾನೆ. ಅದು ಯಾರಿಗೆಂದು ಅವನಿಗೂ ಗೊತ್ತಿರುವುದಿಲ್ಲ.

ಅವನ ಬದುಕು ಸಣ್ಣದು. ಎರಡು ಕೋಣೆಯ ಮನೆ, ಒಂದು ದನ, ಗೋಡೆಗೆ ಒರಗಿಸಿದ ಎರಡು ಕೊಡಲಿ. ಹೆಂಡತಿ ದಮಯಂತಿ ಬೀಡಿ ಕಟ್ಟುತ್ತಾಳೆ, ಅವನು ಮನೆಗಳಿಗೂ ಹೋಟೆಲುಗಳಿಗೂ ಸೌದೆ ಒಡೆದು ಕೊಡುತ್ತಾನೆ. ಮೊಬೈಲ್ ಇಲ್ಲ. ನನಗೆ ಬರುವುದು ಒಂದೇ ನಮೂನೆಯ ಸುದ್ದಿ, ಅದು ಹೇಗೂ ಮುಟ್ಟುತ್ತದೆ ಎಂದು ನಗುತ್ತಾನೆ. ಮಾರ್ಗಕ್ಕೆ ಮರ ಬಿದ್ದರೆ, ಒಂಟಿ ಮುದುಕಿಯ ಬಚ್ಚಲೊಲೆಗೆ ಸೌದೆ ಮುಗಿದರೆ ಅಲ್ಲಿಯೂ ಅವನೇ. ಕೊರೋನಾ ವರ್ಷ ಮಂಗಳೂರಿನಿಂದ ಆಂಬುಲೆನ್ಸಿನಲ್ಲಿ ಹೆಣ ಬಂದಾಗ ಸತ್ತವನ ಸ್ವಂತ ತಮ್ಮಂದಿರು ಗುಡ್ಡೆಯ ಮೇಲೆ ನಿಂತು ನೋಡಿದರು. ಕೆಳಗಿಳಿದವರು ಇಬ್ಬರೇ, ತುಕ್ರಪ್ಪ ಮತ್ತು ಅವನನ್ನು ಕರೆತಂದ ರಿಕ್ಷಾದ ಅಬ್ದುಲ್ ನಾಸಿರ್.

ಇಂಥವನಿಗೆ ಊರು ಕೊಟ್ಟದ್ದೇನು? ಬಾಗಿಲು ಹಾಕಿಕೊಂಡದ್ದು. ಯಾರಾದರೂ ಹಾಸಿಗೆ ಹಿಡಿದ ಮನೆಯ ಎದುರು ಅವನು ಸುಮ್ಮನೆ ನಡೆದುಹೋದರೂ ಒಳಗಿನವರ ಮುಖ ಕಪ್ಪಾಗುತ್ತಿತ್ತು. ಅವನು ಅಂಗಳಕ್ಕೆ ಕಾಲಿಟ್ಟರೆ ಮೂರು ದಿನ ದಾಟುವುದಿಲ್ಲವಂತೆ. ಅವನು ಮರ ನೋಡಿ ಹೋದರೆ ಮುಗಿಯಿತಂತೆ. ಇದನ್ನೆಲ್ಲ ಹೇಳುವವರ ಮೇಲೆ ನನಗೆ ಸಿಟ್ಟಿದೆ ಎಂದು ಬರೆಯಲು ಹೊರಟರೆ ಕೈ ತಡೆಯುತ್ತದೆ. ನನ್ನ ತಾಯಿ ಹಾಸಿಗೆ ಹಿಡಿದಿದ್ದಾಗ ಅವನು ಒಂದು ಚಿಪ್ಪು ಕದಳಿ ಬಾಳೆಹಣ್ಣು ಹಿಡಿದು ಬಂದಿದ್ದ. ಗೇಟಿನಲ್ಲೇ ಹಣ್ಣು ತೆಗೆದುಕೊಂಡು, ಅಮ್ಮ ನಿದ್ದೆ ಮಾಡಿದ್ದಾರೆ ಎಂದು ಕಳುಹಿಸಿದೆ. ಅಮ್ಮ ಎಚ್ಚರವಾಗಿಯೇ ಇದ್ದರು. ಮೂವತ್ತೊಂದು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ಮಾಷ್ಟ್ರು ನಾನು!

ಅವನಿಗೆ ಈ ಊರಿನಲ್ಲಿ ಆಪ್ತರೆಂದರೆ ಹೋಟೆಲಿನ ಸುಬ್ಬಯ್ಯನವರು ಒಬ್ಬರೇ. ಇಪ್ಪತ್ತೈದು ವರ್ಷ ಅವರ ಒಲೆಗೆ ಸೌದೆ ತುಕ್ರಪ್ಪನದು, ಬೆಳಗಿನ ಅವನ ನೀರುದೋಸೆ ಅವರದು. ಕಳೆದ ಮಾರ್ಚಿನಲ್ಲಿ ಸುಬ್ಬಯ್ಯನವರಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬುದ್ಧಿ ಮಾತ್ರ ಚುರುಕಾಗಿತ್ತು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಅವರ ಹೆಂಡತಿ ವಿನೋದಕ್ಕ ಹೋಟೆಲು ಮುಚ್ಚಿ ಗಂಡನ ಸೇವೆಗೆ ನಿಂತರು. ನಾಲ್ಕನೆಯ ದಿನ ನಾಸಿರನ ಬಾಯಲ್ಲಿ ಒಂದು ಮಾತು ಹೇಳಿ ಕಳುಹಿಸಿದರು: ತುಕ್ರಪ್ಪ ನಮ್ಮ ಮನೆಗೆ ಬರುವುದು ಬೇಡ, ಬೇಸರ ಮಾಡಬಾರದು.

ಅವನು ಬೇಸರ ತೋರಿಸಲಿಲ್ಲ. ದಿನಾ ಬೆಳಿಗ್ಗೆ ಮಾರ್ಗದ ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ಮನೆ ಕಡೆ ನೋಡಿ ಹೋಗುತ್ತಿದ್ದ. ಹಾಗೆ ನಿಂತು ನೋಡಿ ನೋಡಿಯೇ ಅವನ ಕಣ್ಣಿಗೆ ಆ ಮರ ಬಿದ್ದದ್ದು.

ಸುಬ್ಬಯ್ಯನವರ ಅಡುಗೆ ಮನೆಯ ಹಿಂದೆ ಒಂದು ಕಾಟು ಮಾವಿನ ಮರ. ಇಬ್ಬರು ಕೈ ಹಿಡಿದರೂ ತಬ್ಬಲಾಗದ ಗಾತ್ರ. ಅದರ ಮಿಡಿಯಿಂದ ವಿನೋದಕ್ಕ ಹಾಕುತ್ತಿದ್ದ ಉಪ್ಪಿನಕಾಯಿ ಹೋಟೆಲಿಗೆ ಬರುವವರಿಗೆಲ್ಲ ಗೊತ್ತು. ಜೂನಿನ ಮೊದಲ ಮಳೆ ಬಿದ್ದ ವಾರ ತುಕ್ರಪ್ಪ ನನ್ನ ಜಗಲಿಗೆ ಬಂದು ಕುಳಿತ. ಮರ ಮನೆ ಕಡೆ ಒಂದು ಗೇಣು ವಾಲಿದೆ ಎಂದ. ಹಿಂದಿನ ಗುಡ್ಡೆಯಿಂದ ಕದ್ದು ಇಳಿದು ಕೊಡಲಿಯ ತಲೆಯಿಂದ ಬಡಿದು ನೋಡಿದನಂತೆ. ಒಳಗೆಲ್ಲ ಗೆದ್ದಲು ತಿಂದು ಪೊಳ್ಳಾಗಿದೆ, ಹೊರಗಿನ ತೊಗಟೆ ಮಾತ್ರ ಉಂಟು, ಆಟಿ ತಿಂಗಳ ಆಷಾಢದ ಗಾಳಿಗೆ ನಿಲ್ಲುವುದಿಲ್ಲ, ಬಿದ್ದರೆ ಹಂಚಿನ ಮಾಡಿನ ಮೇಲೆಯೇ ಬೀಳುವುದು ಎಂದು ಒಂದೊಂದಾಗಿ ಹೇಳಿದ. ಇಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

"ನೀವು ಹೋಗಿ ಹೇಳಿ ಮಾಷ್ಟ್ರೇ. ವಾಮದಪದವಿನಲ್ಲಿ ಮರ ಕೊಯ್ಯುವ ಮೆಶಿನ್ ಇರುವವರು ಇದ್ದಾರೆ, ಅವರಿಂದ ತೆಗೆಸಲಿ. ನನ್ನ ಹೆಸರು ಮಾತ್ರ ಎತ್ತುವುದು ಬೇಡ. ನನ್ನ ಹೆಸರು ಕೇಳಿದ್ರೆ ಆ ಮರ ಅಲ್ಲೇ ಉಳಿತದೆ."

ಹೇಳುವುದಿಲ್ಲ ಎಂದೆ. ಅದೇನು ದೊಡ್ಡ ಕೆಲಸ?

ಸಂಜೆ ಹೋದೆ. ಸುಬ್ಬಯ್ಯನವರು ಮನೆಯ ಎದುರಿನ ಚಾವಡಿಯ ಮಂಚದಲ್ಲಿ ಮಲಗಿದ್ದರು. ವಿನೋದಕ್ಕ ಚಾ ತಂದುಕೊಟ್ಟರು. ಮರದ ವಿಷಯ ತೆಗೆದಾಗ ನಕ್ಕರು. ಅತ್ತೆಯ ಕಾಲದ ಮರ, ಎಷ್ಟು ಗಾಳಿ ಕಂಡಿಲ್ಲ, ಎಂದರು. ಪೊಳ್ಳಾಗಿದೆ ಎಂದೆ. ನಿಮಗೆ ಹೇಗೆ ಗೊತ್ತು, ನಿಮಗೆ ಹಲಸು ಯಾವುದು ಹೆಬ್ಬಲಸು ಯಾವುದು ಎಂದು ತಿಳಿಯುತ್ತದೆಯೇ ಎಂದು ತಮಾಷೆ ಮಾಡಿದರು. ನನಗೆ ಅವಮಾನವಾಯಿತು. ಮಾತಿಗೆ ಸ್ವಲ್ಪ ತೂಕ ಬರಲಿ ಎಂದು ಹೇಳಿಬಿಟ್ಟೆ:

"ನಾನು ಹೇಳುವುದಲ್ಲ ವಿನೋದಕ್ಕ. ತುಕ್ರಪ್ಪ ಬಡಿದು ನೋಡಿದ್ದಾನೆ."

ಆಡಿದ ಮಾತು ಹಿಂದೆ ಬರುತ್ತದೆಯೇ? ವಿನೋದಕ್ಕ ಗಂಡನ ಮುಖ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಇವರು ಉಸಿರಾಡುವಾಗಲೇ ಅವನು ಮಾವಿನ ಮರ ನೋಡಿ ಇಟ್ಟಿದ್ದಾನಾ? ಆ ಮರಕ್ಕೆ ಕೊಡಲಿ ಬೀಳುವ ದಿನ ಇವರು ಇರುವುದಿಲ್ಲ. ಅದು ಅಲ್ಲೇ ಇರಲಿ ಮಾಷ್ಟ್ರೇ. ಎಷ್ಟು ದಿನ ಇರ್ತದೋ ಅಷ್ಟು ದಿನ ಇವರೂ ಇರ್ತಾರೆ."

ಮಂಚದಿಂದ ಸುಬ್ಬಯ್ಯನವರು ಗಂಟಲಿನಲ್ಲಿ ಏನೋ ಸದ್ದು ಮಾಡಿದರು. ಕಡಿಸು ಎಂದರೋ ಬೇಡ ಎಂದರೋ, ನಮ್ಮಿಬ್ಬರಿಗೂ ತಿಳಿಯಲಿಲ್ಲ. ವಿನೋದಕ್ಕ ಅವರ ಬಾಯಿ ಒರೆಸಿದರು. ನಾನು ಅರ್ಧ ಚಾ ಬಿಟ್ಟು ಎದ್ದು ಬಂದೆ.

ಹೇಳಿದಿರಾ ಎಂದು ತುಕ್ರಪ್ಪ ಕೇಳಿದ. ಹೇಳಿದೆ, ಒಪ್ಪಲಿಲ್ಲ ಎಂದೆ. ಇನ್ನೊಮ್ಮೆ ಹೇಳಿ ಎಂದ. ಮತ್ತೆ ಆ ಮನೆಯ ಮೆಟ್ಟಿಲು ಹತ್ತುವ ಮುಖ ನನಗಿರಲಿಲ್ಲ, ಆಗಲಿ ಎಂದಷ್ಟೇ ಹೇಳಿದೆ. ಆಮೇಲಿನ ಒಂದು ತಿಂಗಳು ನಾನು ಸರಿಯಾಗಿ ಊಟ ಮಾಡಿದವನಲ್ಲ. ಗಾಳಿ ಎದ್ದಾಗೆಲ್ಲ ಕಿವಿ ಆ ದಿಕ್ಕಿಗೇ ಹೋಗುತ್ತಿತ್ತು. ಆಟಿ ಬಂತು. ಆ ತಿಂಗಳಲ್ಲಿ ನಮ್ಮಲ್ಲಿ ಒಳ್ಳೆಯ ಕೆಲಸ ಯಾವುದಕ್ಕೂ ಕೈ ಹಾಕುವುದಿಲ್ಲ. ಕೆಟ್ಟದ್ದು ಮಾತ್ರ ತಿಂಗಳು ನೋಡುವುದಿಲ್ಲ. ತುಕ್ರಪ್ಪ ಈಗ ಬೆಳಿಗ್ಗೆಯೂ ಬರುತ್ತಿದ್ದ, ಮಧ್ಯಾಹ್ನವೂ ಬರುತ್ತಿದ್ದ. ಕೊಡೆ ಹಿಡಿದು ಮಾರ್ಗದ ಆಚೆ ನಿಂತು ಮರದ ತಲೆ ನೋಡುತ್ತಿದ್ದ. ಅವನು ನಿಂತದ್ದನ್ನು ಕಂಡು ವಿನೋದಕ್ಕ ಎದುರಿನ ಕಿಟಕಿ ಹಾಕಿಕೊಳ್ಳುತ್ತಿದ್ದರಂತೆ.

ಮೂರು ದಿನ ಬಿಡದೆ ಮಳೆ ಹೊಡೆದ ಒಂದು ಬುಧವಾರ, ಹನ್ನೊಂದೂವರೆಯ ಹೊತ್ತಿಗೆ, ಮರ ಬಿತ್ತು. ಚಾವಡಿಗೆ ಏನೂ ಆಗಲಿಲ್ಲ. ಅಡುಗೆ ಮನೆಯ ಮಾಡು ಪೂರ್ತಿ ಕೂತುಬಿಟ್ಟಿತು. ವಿನೋದಕ್ಕ ಗಂಡನಿಗೆ ಗಂಜಿ ಸೋಸುತ್ತಿದ್ದರು.

ನಾನು ಓಡಿ ಮುಟ್ಟುವಾಗ ತುಕ್ರಪ್ಪ ಆಗಲೇ ಕೊಂಬೆ ಕಡಿಯುತ್ತಿದ್ದ. ಅವನನ್ನು ಬರಬೇಡ ಎನ್ನುವವರು ಯಾರೂ ಇರಲಿಲ್ಲ. ನಾಸಿರ್ ಹಂಚು, ಮಾಡಿನ ಪಕ್ಕಾಸು ಎಳೆದು ಹಾಕುತ್ತಿದ್ದ. ಮುಕ್ಕಾಲು ಗಂಟೆ ಬೇಕಾಯಿತು. ಹೊರಗೆ ತೆಗೆದಾಗ ಜೀವ ಇರಲಿಲ್ಲ. ಚಾವಡಿಯಿಂದ ಸುಬ್ಬಯ್ಯನವರ ಗಂಟಲಿನ ಸದ್ದು ಅಷ್ಟು ಹೊತ್ತೂ ಕೇಳುತ್ತಲೇ ಇತ್ತು.

ಆ ಮರ ಚಿತೆಗೆ ಆಗಲಿಲ್ಲ, ಒಳಗೆಲ್ಲ ಒದ್ದೆ ಮಣ್ಣು. ತುಕ್ರಪ್ಪ ತನ್ನ ಹಟ್ಟಿಯ ಬದಿಯ ಒಣ ಸೌದೆಯನ್ನು ನಾಸಿರನ ರಿಕ್ಷಾದಲ್ಲಿ ನಾಲ್ಕು ಸಲ ಹೇರಿ ತಂದ. ಮಳೆಗೆ ಅಡ್ಡ ಕಟ್ಟಿದ ಟಾರ್ಪಾಲಿನಡಿ ಉರಿ ಎದ್ದು ನಿಂತಿತು. ಇವನು ನಿಂತು ನಿಂತೇ ಆ ಮನೆಗೆ ಹೀಗಾಯಿತು ಎಂದು ನನ್ನ ಬೆನ್ನ ಹಿಂದೆ ಯಾರೋ ಅಂದರು. ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ಬಾಯಿ ಬಿಡಬೇಕಾಗುತ್ತಿತ್ತು.

ಬೊಜ್ಜದ ಉತ್ತರಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ಸುಬ್ಬಯ್ಯನವರ ಮಗಳು ಸಾತ್ವಿಕಾ ತಂದೆಯನ್ನು ಮೂಡುಬಿದಿರೆಯ ತನ್ನ ಮನೆಗೆ ಕರೆದೊಯ್ಯುವವಳಿದ್ದಳು. ಎತ್ತಿ ಕಾರಿನಲ್ಲಿ ಕೂರಿಸಲು ಜನ ಬೇಕೆಂದು ತುಕ್ರಪ್ಪನನ್ನೂ ನನ್ನನ್ನೂ ಅವಳೇ ಕರೆಸಿದ್ದಳು. ಅವಳು ಒಳಗೆ ಬಟ್ಟೆ ಮಡಚುತ್ತಿದ್ದಳು. ನಾಲ್ಕು ತಿಂಗಳ ಮೇಲೆ ತುಕ್ರಪ್ಪ ಸುಬ್ಬಯ್ಯನವರ ಮಂಚದ ಬದಿಯಲ್ಲಿ ಕುಳಿತ. ಅವರ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಮತ್ತೆ ನನ್ನ ಕಡೆ ತಿರುಗಿದ.

"ಮಾಷ್ಟ್ರೇ, ನೀವು ಆವತ್ತು ನನ್ನ ಹೆಸರು ಹೇಳಿರಲಿಲ್ಲ ಅಲ್ಲ?"

"ಇಲ್ಲ" ಎಂದೆ.

ಅವನ ಹೆಗಲು ಸಡಿಲಾಯಿತು. ಹದಿನೈದು ದಿನದಿಂದ ನಿದ್ದೆ ಇಲ್ಲ, ನನ್ನಿಂದಲೇ ಆಯಿತೋ ಏನೋ ಎಂದು ಜೀವ ತಿನ್ನುತ್ತಿತ್ತು, ಎಂದ. ಹಾಗಾದರೆ ವಿನೋದಕ್ಕನ ಹಣೆಯಲ್ಲಿ ಬರೆದದ್ದು ಅಷ್ಟೇ ಎಂದು ಕಣ್ಣೊರೆಸಿಕೊಂಡ.

ಸುಬ್ಬಯ್ಯನವರು ನನ್ನನ್ನೇ ನೋಡುತ್ತಿದ್ದರು. ಜೂನಿನ ಆ ಸಂಜೆಯೂ ಅವರು ಇದೇ ಮಂಚದ ಮೇಲಿದ್ದರು. ಓರೆಯಾದ ತುಟಿ ಎರಡು ಸಲ ಅಲುಗಿತು, ಗಂಟಲಿನಿಂದ ಅದೇ ಸದ್ದು ಬಂತು.

"ಸುಬ್ಬಯ್ಯಣ್ಣನಿಗೆ ನೀರು ಬೇಕು ಅಂತ ಕಾಣ್ತದೆ" ಎಂದು ತುಕ್ರಪ್ಪ ಎದ್ದು ಒಳಗೆ ಹೋದ.