ಶಕುನಕ್ಕೆ ಅಂಜದ ಕಾಶೆವ್ವ
ಕಲ್ಲೋಳಿಯ ಮುದುಕಿ ಕಾಶೆವ್ವನ ಮುಂದೆ ಯಾರೂ ಶಕುನದ ಮಾತು ಆಡುವಂತಿಲ್ಲ. ನೆರೆಮನೆಯವರು ಹೊಸ ಬೈಕಿಗೆ ಲಿಂಬೆಹಣ್ಣು ಕಟ್ಟಿದರೆ ಕಿತ್ತು ತಂದು ಉಪ್ಪಿನಕಾಯಿ ಹಾಕುತ್ತಾಳೆ. ಮಗುವಿನ ತೋಳಿನಲ್ಲಿ ತಾಯತ ಕಂಡರೆ ಸಾಕು, "ಕೊರಳಾಗ ಲಿಂಗ ಕಟ್ಟೀರಿ, ಮತ್ತ ಈ ದಾರ ಯಾಕ್ರಿ? ದೇವರ ಕೈಲೆ ಆಗದ್ದು ಇದರ ಕೈಲೆ ಆಗತೈತೇನು?" ಎಂದು ಓಣಿಗೆಲ್ಲ ಕೇಳುವಂತೆ ಬೈಯುತ್ತಾಳೆ. ಬೆಕ್ಕು ಅಡ್ಡ ಬಂದಿತೆಂದು ಬಸ್ಸು ಹತ್ತದೆ ನಿಂತವರನ್ನು ರಟ್ಟೆ ಹಿಡಿದು ಹತ್ತಿಸುತ್ತಾಳೆ. ಮಗ ಮಲ್ಲೇಶ ಲಾರಿ ಬಡಿದು ತೀರಿಕೊಂಡಾಗ, ಇನ್ನಾದರೂ ಈಕೆ ತಣ್ಣಗಾದಾಳು ಎಂದು ಊರವರು ಅಂದುಕೊಂಡರು. ಆದರೆ ಹೋದ ತಿಂಗಳು ಮೊಮ್ಮಗಳ ಮದುವೆಯಲ್ಲಿ, ಮಗಳಿಗೆ ಅರಿಶಿನ ಹಚ್ಚಲು ಬಂದ ಸೊಸೆ ರಾಜೇಶ್ವರಿಯನ್ನು ಗಂಡ ಸತ್ತವಳು ಎಂದು ಬೀಗರು ತಡೆದರು. ಕಾಶೆವ್ವ ಎದ್ದು ಬಂದು, ಸೊಸೆಯ ಕೈಯನ್ನು ತಾನೇ ಹಿಡಿದು ಅರಿಶಿನದ ಬಟ್ಟಲಲ್ಲಿ ಅದ್ದಿದಳು. "ನನ್ನ ಮಗನ್ನ ಒಯ್ದಾಂವ ದೇವರು. ಅವನ ಜೋಡಿ ನಾ ದಿನಾ ಮುಂಜಾನೆ ಜಗಳಾಡತೇನಿ, ಆದ್ರೂ ಅವನ್ನ ನಂಬೇನಿ. ನಡುವ ಈಕಿ ಮ್ಯಾಲ ತಪ್ಪ ಹೊರಸಾಕ ನೀವ್ಯಾರು?" ಎಂದವಳ ಧ್ವನಿ ಒಡೆಯಿತು. ರಾಜೇಶ್ವರಿ ಮಗಳ ಎರಡೂ ಕೆನ್ನೆಗೆ ಅರಿಶಿನ ಹಚ್ಚಿದಳು.