ಚೀಟಿ ಬಿಚ್ಚುವವನು

ಪ್ರಯೋಗಾಲಯದಲ್ಲಿ ದುಡಿಯೋ ನನ್ನ ಮೊಮ್ಮಗಳು ಆ ಮಾತು ಹೇಳಿದಾಗಿನಿಂದ ನನಗೆ ನಗು ತಡೆಯೋಕಾಗ್ತಿಲ್ಲ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಪ್ರೋಟೀನುಗಳು ಗೇಯುತ್ತವಂತೆ. ಸವೆದದ್ದಕ್ಕೆ ಯುಬಿಕ್ವಿಟಿನ್ ಅನ್ನೋ ಚೀಟಿ ಕಟ್ಟಿದರೆ ಅದು ಸೀದಾ ಪುಡಿಮಾಡೋ ಯಂತ್ರಕ್ಕಂತೆ. ಅಷ್ಟರಲ್ಲಿ ಒಬ್ಬ ಕಿಣ್ವ ಓಡಿ ಬಂದು ಆ ಚೀಟಿ ಬಿಚ್ಚಿಬಿಡ್ತಾನಂತೆ! "ಅಜ್ಜೀ, ಕಿಣ್ವ ಅಂದ್ರೆ ಮನುಷ್ಯ ಅಲ್ಲ," ಅಂದಳು. "ಸುಮ್ನಿರೇ, ಅವನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದ್ದೀನಿ," ಅಂದೆ. ನಮ್ಮ ಮನೆಯವರು ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಸಾಹೇಬರು ಮುರುಕು ಕುರ್ಚಿಗೆ 'ಗುಜರಿಗೆ' ಅಂತ ರಟ್ಟಿನ ಚೀಟಿ ಕಟ್ಟಿ ಆ ಕಡೆ ತಿರುಗಿದರೆ ಸಾಕು, ಇವರು ಹಲ್ಲಿನಿಂದ ಗಂಟು ಬಿಚ್ಚಿ, "ಇದಕ್ಕೇನು ಧಾಡಿ? ಒಂದು ಮೊಳೆ ಹೊಡೆದರಾಯ್ತು," ಅನ್ನೋರು. ಬಿಚ್ಚಿದ ಚೀಟಿಯನ್ನೂ ಎಸೆಯದೆ, ಇನ್ನೊಂದು ಸಲಕ್ಕಾಗುತ್ತೆ ಅಂತ ಸಾಹೇಬರಿಗೇ ವಾಪಸ್ ಕೊಡೋರು. ಆ ಕಿಣ್ವನೂ ಹಾಗೇ ಅಂತೆ! ಒಮ್ಮೊಮ್ಮೆ ಉಳಿಸಬಾರದ್ದನ್ನು ಉಳಿಸಿ ಅನಾಹುತಾನೂ ಮಾಡ್ತಾನಂತೆ. ಇವರೇನು ಕಮ್ಮಿ? ಇವರು ಉಳಿಸಿದ ಸ್ಟೂಲು ದೊಡ್ಡ ಡಾಕ್ಟರನ್ನೇ ನೆಲಕ್ಕೆ ಕೂರಿಸಿತ್ತು. ಮದುವೆಯಾಗಿ ಆರು ವರ್ಷ ನನಗೆ ಮಕ್ಕಳಾಗಲಿಲ್ಲ. ಒಂದು ಬೆಳಿಗ್ಗೆ ಅತ್ತೆ ನನ್ನ ಟ್ರಂಕಿನ ಹಿಡಿಗೆ ತವರಿನ ವಿಳಾಸದ ಚೀಟಿ ಕಟ್ಟಿ ಬಾಗಿಲಿಗೆ ತಂದಿಟ್ಟರು. "ಇವಳನ್ನ ಬಿಟ್ಟು ಬಾರಪ್ಪಾ, ಬೇರೆ ಹೆಣ್ಣು ನೋಡೋಣ," ಅಂದರು. ಇವರು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹಲ್ಲಿನಿಂದ ಗಂಟು ಬಿಚ್ಚಿ, "ಇವಳಿಗೇನಮ್ಮಾ ಧಾಡಿ?" ಅಂದು ಟ್ರಂಕು ಒಳಗಿಟ್ಟು ಕೆಲಸಕ್ಕೆ ಹೊರಟರು. ಆ ಚೀಟಿಯೊಂದನ್ನು ಮಾತ್ರ ಯಾರಿಗೂ ವಾಪಸ್ ಕೊಡಲಿಲ್ಲ.