ತೆತೆಗೆ ಹೇಳಿ ಕಳಿಸಿದ ಮಾತು

ನಮ್ಮ ರುವರಾಶೆಗೆ ಚಿಕ್ಕಂದಿನಿಂದಲೂ ಮಕ್ಕಳೆಂದರೆ ಪ್ರಾಣ. ಎಂಥ ರಚ್ಚೆ ಹಿಡಿದ ಕೂಸೂ ಅವಳ ತೋಳಿಗೆ ಬಂದರೆ ಸುಮ್ಮನಾಗುತ್ತಿತ್ತು. ಅವಳ ಅಜ್ಜಿಗೂ ಆ ಗುಣವಿತ್ತು. ಆ ಮುದುಕಿ ಹುರಿದ ಜೋಳ ಬಾಯಿಗೆ ತುರುಕಿ ಸುಮ್ಮನಾಗಿಸುತ್ತಿದ್ದಳು, ಅದು ಬೇರೆ ಮಾತು. ಹರಾರೆಯಲ್ಲಿ ಮನಶ್ಶಾಸ್ತ್ರ ಓದಿದ ಹುಡುಗಿ, ಶಾಲೆಯ ಮಕ್ಕಳ ಮನಸ್ಸು ನೋಡುವ ಕೆಲಸಕ್ಕೆ ತರಬೇತಿಯೆಂದು ಬುಹೇರಾ ಕಡೆಯ ಒಂದು ಶಾಲೆಗೆ ಬಂದಳು. ಅವಳಿಗೆ ಕೆಲಸ ಕಲಿಸುವವರು ಮಾಯಿ ಚಿಕೋಮೊ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು.

ಅಲ್ಲಿ ನೆತ್ಸಾಯಿ ಎಂಬ ಹದಿನಾಲ್ಕರ ಹುಡುಗಿ. ಲೆಕ್ಕದಲ್ಲಿ ಬಲು ಚುರುಕು. ಈಚೆಗೆ ಮಾತ್ರ ಪುಸ್ತಕವನ್ನೇ ಬಿಚ್ಚಲೊಲ್ಲಳು. ರುವರಾಶೆ ಅವಳನ್ನು ಮಾವಿನ ಮರದಡಿ ಕೂರಿಸಿಕೊಂಡು, ಅದೂ ಇದೂ ಮಾತಾಡಿ, ಕೊನೆಗೊಂದು ದಿನ ಬಾಯಿ ಬಿಡಿಸಿದಳು.

“ನನ್ನನ್ನ ಮದುವೆ ಮಾಡ್ತಾರಂತೆ ಮೇಡಂ. ಅವನಿಗೆ ಆಗ್ಲೇ ಇಬ್ಬರು ಹೆಂಡ್ತೀರು. ನಾನು ಓದ್ಬೇಕು.”

“ನಿಮ್ಮ ತೆತೆಗೆ ಗೊತ್ತಾ? ನಾನು ಹೇಳ್ಲಾ?”

ಹುಡುಗಿ ತಲೆ ತಗ್ಗಿಸಿತು.

ನಮ್ಮಲ್ಲಿ ಹೆಣ್ಣುಮಕ್ಕಳು ಹೆತ್ತವರಿಗೆ ಹೇಳಲಾಗದ್ದನ್ನೆಲ್ಲ ತೆತೆಗೆ, ಅಂದರೆ ಸೋದರತ್ತೆಗೆ ಹೇಳುವುದು. ಅವಳ ಮಾತನ್ನು ಅಣ್ಣತಮ್ಮಂದಿರು ಮೀರುವಂತಿಲ್ಲ. ರುವರಾಶೆಯೂ ಮೊದಲ ಸಲ ಮುಟ್ಟಾದಾಗ ಓಡಿದ್ದು ತೆತೆಯ ಹತ್ತಿರವೇ. ಆ ತೆತೆಯೋ, ನಗಿಸಿ ನಗಿಸಿ ಹೊಟ್ಟೆನೋವನ್ನೇ ಮರೆಸಿದವಳು! ಹಾಗಾಗಿ ನೆತ್ಸಾಯಿಯ ತಗ್ಗಿದ ತಲೆ ಅವಳಿಗೆ ಒಪ್ಪಿಗೆಯಾಗಿ ಕಂಡಿತು. ಏನಿದ್ದರೂ ಮೊದಲು ನನಗೆ ಹೇಳು ಎಂದು ಮಾಯಿ ಚಿಕೋಮೊ ಬುದ್ಧಿ ಹೇಳಿದ್ದರು. ಅವರು ಊರಲ್ಲಿರಲಿಲ್ಲ. ಕಾಯುವುದೇಕೆಂದು ಇವಳು ನೆತ್ಸಾಯಿಯ ತೆತೆಗೆ ಹೇಳಿ ಕಳಿಸಿದಳು.

ತೆತೆ ಬಂದಳು, ನಗುನಗುತ್ತಾ. ರುವರಾಶೆ ಮಂಡಿಯೂರಿ, ಹಿರಿಯರಿಗೆ ಸಲ್ಲುವಂತೆ ಮೆಲ್ಲಗೆ ಚಪ್ಪಾಳೆ ತಟ್ಟಿ ಬರಮಾಡಿಕೊಂಡಳು.

“ಒಳ್ಳೆ ಕೆಲಸ ಮಾಡ್ದೆ ಕಣಮ್ಮಾ. ಇಷ್ಟೆಲ್ಲ ಓದಿದೀಯ, ನಿನಗೇ ಇನ್ನೂ ಗಂಡ ಇಲ್ವಾ? ಹುಡುಕ್ಲಾ?”

“ಹೋಗಿ ತೆತೆ, ಮೊದ್ಲು ಕೆಲಸ ಸಿಗ್ಲಿ!”

“ಇವಳ ಚಿಂತೆ ನನಗೆ ಬಿಡು. ನಾಲ್ಕು ದಿನ ನಮ್ಮನೇಲಿರ್ಲಿ.”

ನೆತ್ಸಾಯಿ ಏಳಲಿಲ್ಲ. ತೆತೆ ಮುಂಗೈ ಹಿಡಿದು ಎಬ್ಬಿಸಿದಳು. ಚೀಲವನ್ನು ಹೆಗಲಿಗೆ ಹಾಕಿದ್ದು ರುವರಾಶೆಯೇ.

ಮಾಯಿ ಚಿಕೋಮೊ ಬಂದವರು ವಿಷಯ ಕೇಳಿ ಸಿಡಿದರು. “ತೆತೆಗೆ ಹೇಳಿದ್ಯಾ? ಮದುವೆ ಮಾತುಕತೆ ಮುಂದೆ ನಿಂತು ಕೂಡಿಸೋದು ಯಾರೇ ನಮ್ಮಲ್ಲಿ? ನಿನ್ನ ತೆತೆ ಒಳ್ಳೇವಳು ಅಂತ ಎಲ್ಲರ ತೆತೆಯರೂ ಒಳ್ಳೇವರಾ?”

ಇಬ್ಬರೂ ಪೊಲೀಸರನ್ನು ಕರಕೊಂಡು ಓಡಿದರೆ ತೆತೆಯ ಮನೆಗೆ ಬೀಗ. ಹುಡುಗಿ ಸಿಕ್ಕಿದ್ದು ಎಷ್ಟೋ ವಾರಗಳ ಮೇಲೆ, ದೂರದ ಒಂದು ಹಟ್ಟಿಯಲ್ಲಿ. ತಲೆಗೆ ಮದುವೆಯಾದವರ ಬಟ್ಟೆ ಕಟ್ಟಿತ್ತು. ಹಿಂದೆ ಗಂಡ ನಿಂತಿದ್ದ.

“ನಿನಗೆ ವಯಸ್ಸೆಷ್ಟಮ್ಮಾ?” ಎಂದ ಪೊಲೀಸಿನವನು.

“ಹದಿನೆಂಟು.”

“ಸುಳ್ಳು!” ಎಂದರು ಮಾಯಿ ಚಿಕೋಮೊ. ಗಂಡಸರೆಲ್ಲ ಅಂಗಳಕ್ಕೆ ಹೋಗಿ ವಾದಕ್ಕೆ ನಿಂತರು.

ಬಂದವರಿಗೆ ಉಣ್ಣಲಿಕ್ಕಿಡದೆ ಕಳಿಸುವ ಮನೆ ನಮ್ಮಲ್ಲಿಲ್ಲ. ನೆತ್ಸಾಯಿ ಸಾಡ್ಜಾ ಮುದ್ದೆ ತಂದಿಟ್ಟು, ಮಂಡಿಯೂರಿ, ರುವರಾಶೆಯ ಕೈಗೆ ನೀರು ಹಾಕಿದಳು. ಮುಖವೆತ್ತದೆ ಅಂದಳು:

“ನಿಮಗೊಬ್ರಿಗೇ ಹೇಳಿದ್ದೆ.”

ರುವರಾಶೆ ಆ ಮುದ್ದೆ ಮುರಿಯಲಿಲ್ಲ. ಒದ್ದೆ ಕೈಯನ್ನು ಒರೆಸಿಕೊಳ್ಳಲೂ ತೋಚದೆ, ಮುಂದಕ್ಕೆ ಚಾಚಿಕೊಂಡೇ ಕೂತಿದ್ದಳು.